ಹಗುರ ಲ್ಯಾಪ್‌ಟಾಪ್: ಇಳಿದ ತೂಕ ಯಾವುದರದ್ದು?

ಲ್ಯಾಮಿಂಗ್ಟನ್ ರೋಡಿನ ಅಂಗಡಿಯಲ್ಲಿ ಒಂದು ಕೆ.ಜಿ.ಯ ಲ್ಯಾಪ್‌ಟಾಪನ್ನು ಒಂದೇ ಕೈಯಲ್ಲಿ ಎತ್ತಿದ ಕೂಡಲೇ ಮನಸ್ಸು ಅರ್ಧ ಸೋತಿರುತ್ತದೆ. ನಮ್ಮ ಮುಂಬಯಿಯಲ್ಲಿ ಹಾಗೆ ಸೋಲುವುದಕ್ಕೆ ಕಾರಣವೂ ಇದೆ. ಕಲ್ಯಾಣ, ಡೊಂಬಿವಲಿ, ವಿರಾರ್, ಪನ್ವೇಲ್ ಕಡೆಯಿಂದ ದಿನಾ ಓಡಾಡುವವರಿಗೆ ಬ್ಯಾಗು ಬೆನ್ನ ಮೇಲಿರುವುದಿಲ್ಲ, ಎದೆಗೆ ಜೋತುಬಿದ್ದಿರುತ್ತದೆ. ಬೆಳಗಿನ ಹೊತ್ತು ಲೋಕಲ್ ರೈಲಿನಲ್ಲಿ ಒಂದು ಚದರ ಮೀಟರಿಗೆ 14ರಿಂದ 16 ಜನ ನಿಂತಿರುತ್ತಾರೆ. ರೈಲ್ವೆಯವರು ಇದಕ್ಕೆಂದೇ ‘ಸೂಪರ್ ಡೆನ್ಸ್ ಕ್ರಶ್ ಲೋಡ್’ ಎಂಬ ಹೆಸರಿಟ್ಟಿದ್ದಾರೆ. ಅಂಥ ಡಬ್ಬಿಯಲ್ಲಿ ಮುಕ್ಕಾಲು ಗಂಟೆ ನಿಂತವರಿಗೆ ಅರ್ಧ ಕೆ.ಜಿ. ಕಡಿಮೆ ಎಂದರೆ ದೊಡ್ಡ ಮಾತು.

ಆದರೆ ಹಗುರ ಎಂಬುದು ಲ್ಯಾಪ್‌ಟಾಪಿಗೆ ಯಾರೋ ಸೇರಿಸಿದ ಗುಣವಲ್ಲ. ಒಳಗಿನಿಂದ ಏನನ್ನೋ ತೆಗೆದದ್ದರಿಂದ, ಇಲ್ಲವೇ ಸಣ್ಣದು ಮಾಡಿದ್ದರಿಂದ ಉಂಟಾದದ್ದು. ಹಾಗಾಗಿ ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇಳಿದ ಆ ತೂಕ ಯಾವ ಭಾಗದ್ದು, ಆ ಭಾಗ ನನಗೆ ಬೇಕಿತ್ತೇ?

2008ರ ಜನವರಿಯಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಮೊದಲ ಮ್ಯಾಕ್‌ಬುಕ್ ಏರ್ ಅನ್ನು ಕಾಗದದ ಲಕೋಟೆಯೊಳಗಿಂದ ತೆಗೆದು ತೋರಿಸಿದರು. ತೂಕ 1.36 ಕೆ.ಜಿ. ಜನ ಬೆರಗಾದದ್ದು ಸರಿಯೇ. ಆದರೆ ಅದರಲ್ಲಿ ಸಿಡಿ ಡ್ರೈವ್ ಇರಲಿಲ್ಲ, ಇದ್ದದ್ದು ಒಂದೇ ಯುಎಸ್‌ಬಿ ಕಿಂಡಿ, ನೆಟ್‌ವರ್ಕ್ ತಂತಿ ಚುಚ್ಚುವ ಜಾಗ ಇರಲಿಲ್ಲ, ನಡೆಯುತ್ತಿರುವ ಕೆಲಸವನ್ನು ನೆನಪಿಟ್ಟುಕೊಳ್ಳುವ ರ‍್ಯಾಮ್ ಮದರ್‌ಬೋರ್ಡಿಗೇ ಬೆಸೆದುಹೋಗಿತ್ತು, ಬ್ಯಾಟರಿಯನ್ನು ನಾವೇ ಬಿಚ್ಚಿ ಬದಲಿಸುವಂತಿರಲಿಲ್ಲ. 2011ರಲ್ಲಿ ಇಂಟೆಲ್ ‘ಅಲ್ಟ್ರಾಬುಕ್’ ಎಂಬ ಹೆಸರಿನಲ್ಲಿ ವಿಂಡೋಸ್ ಕಂಪನಿಗಳನ್ನೂ ಅದೇ ದಾರಿಗೆ ತಂದಿತು. ಇವತ್ತು 14 ಇಂಚಿನ ಲ್ಯಾಪ್‌ಟಾಪ್ ಒಂದು ಕೆ.ಜಿ.ಗಿಂತ ಕೆಳಗೂ ಸಿಗುತ್ತದೆ. ಬಿಟ್ಟುಕೊಟ್ಟ ವಸ್ತುಗಳ ಪಟ್ಟಿ ಮಾತ್ರ ಆ ಮೊದಲ ಏರ್‌ನದ್ದಕ್ಕಿಂತ ಬಹಳ ಬೇರೆಯಾಗಿಲ್ಲ.

ಮೊದಲು ಬ್ಯಾಗನ್ನೇ ತೂಗಿ

ಡೊಂಬಿವಲಿಯಿಂದ ಕುರ್ಲಾ, ಅಲ್ಲಿಂದ ಶೇರ್ ಆಟೊದಲ್ಲಿ ಬಿಕೆಸಿ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್), ಹೀಗೆ ಓಡಾಡುವ ನನ್ನ ತಂಗಿಯ ಮಗಳು “ಮಾವ, ಭುಜ ಹೋಗ್ತಾ ಇದೆ, ಒಂದು ಕೆ.ಜಿ.ದೇ ತಗೊಳ್ತೀನಿ” ಎಂದಾಗ ನಾವಿಬ್ಬರೂ ಕೂತು ಅವಳ ಬ್ಯಾಗಿನಲ್ಲಿದ್ದದ್ದನ್ನೆಲ್ಲ ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿದೆವು. ಖಾಲಿ ಬ್ಯಾಗೇ 900 ಗ್ರಾಂ. ಊಟದ ಡಬ್ಬಿ 700. ತುಂಬಿದ ಒಂದು ಲೀಟರಿನ ಬಾಟಲಿ 1.1 ಕೆ.ಜಿ. ಕೊಡೆ 350 ಗ್ರಾಂ. 15.6 ಇಂಚಿನ ಲ್ಯಾಪ್‌ಟಾಪ್ 1.75 ಕೆ.ಜಿ., ಅದರ ಇಟ್ಟಿಗೆಯಂಥ ಚಾರ್ಜರ್ 350 ಗ್ರಾಂ. ಒಟ್ಟು ಐದು ಕೆ.ಜಿ. ದಾಟಿತು.

ಅವಳು ನೋಡಿಟ್ಟಿದ್ದ ಹೊಸ ಲ್ಯಾಪ್‌ಟಾಪ್ ಚಾರ್ಜರ್ ಸೇರಿ 1.3 ಕೆ.ಜಿ. ಉಳಿತಾಯ 800 ಗ್ರಾಂ. ಇನ್ನೊಂದು ಚಾರ್ಜರ್ ಕೊಂಡು ಆಫೀಸಿನಲ್ಲೇ ಇಟ್ಟರೆ 350 ಗ್ರಾಂ ಇಳಿಯುತ್ತದೆ. ಬಾಟಲಿಯನ್ನು ಅರ್ಧ ತುಂಬಿಸಿಕೊಂಡು ಹೊರಟು ಆಫೀಸಿನಲ್ಲಿ ತುಂಬಿಸಿಕೊಂಡರೆ ಇನ್ನು 500. ಹೊಸ ಲ್ಯಾಪ್‌ಟಾಪ್ ಕೊಳ್ಳದೆಯೇ 850 ಗ್ರಾಂ ಹೋಯಿತು! ಕೊಳ್ಳಬೇಡಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಎರಡನ್ನೂ ಮಾಡಿದರೆ ಒಂದೂವರೆ ಕೆ.ಜಿ.ಗೂ ಹೆಚ್ಚು ಇಳಿಯುತ್ತದೆ, ಅದು ಭುಜಕ್ಕೆ ಖಂಡಿತ ಗೊತ್ತಾಗುತ್ತದೆ. ಆದರೆ ಭುಜ ಹೊರುವುದು ಇಡೀ ಬ್ಯಾಗನ್ನು ಎಂಬುದು ಅಂಗಡಿಯಲ್ಲಿ ನೆನಪಾಗುವುದಿಲ್ಲ.

ಗೇಮಿಂಗ್ ಲ್ಯಾಪ್‌ಟಾಪ್ ಹೊತ್ತು ತಿರುಗುವವರ ಲೆಕ್ಕ ಬೇರೆ. ಅವು ಎರಡೂಕಾಲು, ಎರಡೂವರೆ ಕೆ.ಜಿ. ಇರುತ್ತವೆ, ಚಾರ್ಜರ್ ಒಂದೇ ಅರ್ಧ ಕೆ.ಜಿ.ಯಿಂದ ಮೇಲೆ. ಕಾಲೇಜಿಗೆ ಅದನ್ನು ದಿನಾ ಒಯ್ಯುವ ಹುಡುಗರಿಗೆ ಹಗುರದ್ದು ತಗೊಂಡರೆ ಒಂದೂಮುಕ್ಕಾಲು ಕೆ.ಜಿ.ಯೇ ಉಳಿಯಬಹುದು.

ಇನ್ನೊಂದು ಮಾತು. ಜಾಹೀರಾತಿನಲ್ಲಿ ‘990 ಗ್ರಾಂನಿಂದ ಆರಂಭ’ ಎಂದಿದ್ದರೆ ಆ ‘ಆರಂಭ’ವನ್ನು ಗಮನಿಸಿ. ಅದು ಟಚ್ ಸ್ಕ್ರೀನ್ ಇಲ್ಲದ, ಸಣ್ಣ ಬ್ಯಾಟರಿಯ ಮಾದರಿಯ ತೂಕವಾಗಿರುವುದೇ ಹೆಚ್ಚು. ನೀವು ಕೊಳ್ಳುವ ಮಾದರಿಯ ತೂಕವನ್ನೇ ಕೇಳಿ, ಚಾರ್ಜರ್ ಸೇರಿಸಿ ಕೇಳಿ.

ಬಿಸಿಯ ವಿಷಯ

ತೂಕ ಇಳಿಸುವಾಗ ಮೊದಲು ಕತ್ತರಿ ಬೀಳುವುದು ತಂಪು ಮಾಡುವ ವ್ಯವಸ್ಥೆಗೆ. ಅಂಗಡಿಯಲ್ಲಿ ಕಾಣದಿರುವುದೂ ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

ಪ್ರೊಸೆಸರ್ ಎಳೆದುಕೊಳ್ಳುವ ವಿದ್ಯುತ್ ಹೆಚ್ಚುಕಡಿಮೆ ಪೂರ್ತಿ ಶಾಖವಾಗಿಯೇ ಹೊರಬರುತ್ತದೆ. 15 ವ್ಯಾಟ್ ಎಳೆದರೆ 15 ವ್ಯಾಟಿನ ಬಿಸಿ, 45 ಎಳೆದರೆ 45ರ ಬಿಸಿ. ಅದನ್ನು ತಾಮ್ರದ ಕೊಳವೆ, ಲೋಹದ ಹಲ್ಲುಗಳು, ಫ್ಯಾನು ಸೇರಿ ಹೊರಗೆ ಹಾಕಬೇಕು. ತಾಮ್ರ ಭಾರದ ಲೋಹ. ದೊಡ್ಡ ಫ್ಯಾನಿಗೆ ಜಾಗ ಬೇಕು. ತೆಳ್ಳಗಿನ ಲ್ಯಾಪ್‌ಟಾಪಿನಲ್ಲಿ ಎರಡಕ್ಕೂ ಅವಕಾಶ ಕಡಿಮೆ, ಆದ್ದರಿಂದ ಸಣ್ಣ ಫ್ಯಾನು ಜೋರಾಗಿ ತಿರುಗುತ್ತದೆ, ಕೀರಲು ದನಿ ಮಾಡುತ್ತದೆ. 2020ರ ನವೆಂಬರಿನಲ್ಲಿ ಎಂ1 ಚಿಪ್‌ನೊಂದಿಗೆ ಬಂದ ಮ್ಯಾಕ್‌ಬುಕ್ ಏರ್‌ನಿಂದ ಈಚೆಗೆ ಏರ್ ಸರಣಿಯಲ್ಲಿ ಫ್ಯಾನೇ ಇಲ್ಲ. ಲೋಹದ ಮೈಯೇ ಬಿಸಿಯನ್ನು ಗಾಳಿಗೆ ಬಿಡಬೇಕು.

ಇವತ್ತಿನ ಪ್ರೊಸೆಸರ್‌ಗಳಿಗೆ ಎರಡು ವೇಗ. ಕೆಲಸ ಶುರುವಾದಾಗ ಸ್ವಲ್ಪ ಹೊತ್ತು ಮಿತಿ ಮೀರಿ ಓಡುತ್ತವೆ, ಬಿಸಿ ಏರಿದ ಮೇಲೆ ತಾಳಿಕೊಳ್ಳಬಲ್ಲ ವೇಗಕ್ಕೆ ಇಳಿಯುತ್ತವೆ. ಅಂಗಡಿಯಲ್ಲಿ ನಾವು ನೋಡುವುದು ಮೊದಲನೆಯದನ್ನು: ಎಕ್ಸೆಲ್ ಥಟ್ಟನೆ ತೆರೆಯಿತು, ಬ್ರೌಸರ್ ಹಾರಿ ಬಂತು, ಸರಿ ಎನಿಸಿತು. ಮನೆಯಲ್ಲಿ ಅರ್ಧ ಗಂಟೆಯ ವಿಡಿಯೊ ಎಕ್ಸ್‌ಪೋರ್ಟ್ ಮಾಡಲು ಕೂತಾಗ ಗೊತ್ತಾಗುವುದು ಎರಡನೆಯದು. ಒಂದೇ ಪ್ರೊಸೆಸರ್ ಹೆಸರಿರುವ ಎರಡು ಲ್ಯಾಪ್‌ಟಾಪ್‌ಗಳಲ್ಲಿ ದಪ್ಪನೆಯದು ಹೆಚ್ಚು ಹೊತ್ತು ವೇಗವಾಗಿ ಓಡುವುದು ಇದೇ ಕಾರಣಕ್ಕೆ. ಹೆಸರಿನ ಕೊನೆಯ ಅಕ್ಷರ ನೋಡಿದರೆ ಅಂದಾಜು ಸಿಗುತ್ತದೆ. ‘ಯು’ ಅಥವಾ ಇಂಟೆಲ್‌ನ ಈಚಿನ ‘ವಿ’ ಇದ್ದರೆ ಕಡಿಮೆ ವಿದ್ಯುತ್ತಿನದು. ‘ಎಚ್’, ‘ಎಚ್‌ಎಕ್ಸ್’ ಇದ್ದರೆ ಹಸಿವು ಹೆಚ್ಚಿನದು. ಒಂದು ಕೆ.ಜಿ.ಯ ತೆಳ್ಳನೆ ಮೈಯೊಳಗೆ ‘ಎಚ್’ ಚಿಪ್ ಇದೆ ಎಂದರೆ ಹಿಗ್ಗಬೇಡಿ. ಅದರ ಪೂರ್ತಿ ಶಕ್ತಿ ಅಲ್ಲಿ ಹೆಚ್ಚು ಹೊತ್ತು ಹೊರಬರುವುದಿಲ್ಲ, ದುಡ್ಡು ಮಾತ್ರ ಪೂರ್ತಿ ಕೊಟ್ಟಿರುತ್ತೀರಿ.

ನಮ್ಮ ಹವೆ ಇದಕ್ಕೆ ಇನ್ನೊಂದು ಪೆಟ್ಟು ಕೊಡುತ್ತದೆ. ಲ್ಯಾಪ್‌ಟಾಪಿನ ಹೊರಮೈ 45 ಡಿಗ್ರಿ ದಾಟಬಾರದು ಎಂದು ಕಂಪನಿ ಮಿತಿ ಹಾಕಿದೆ ಎಂದುಕೊಳ್ಳಿ. 25 ಡಿಗ್ರಿಯ ಎಸಿ ಕೋಣೆಯಲ್ಲಿ ಮೈಗೂ ಗಾಳಿಗೂ 20 ಡಿಗ್ರಿ ಅಂತರ. ಮೇ ತಿಂಗಳಲ್ಲಿ ಬರೀ ಫ್ಯಾನಿನಡಿ ಕೂತರೆ ಕೋಣೆಯಲ್ಲೇ 33 ಡಿಗ್ರಿ, ಅಂತರ 12ಕ್ಕೆ ಇಳಿಯುತ್ತದೆ. ಮೈಯಿಂದ ಗಾಳಿಗೆ ಹೋಗುವ ಶಾಖ ಈ ಅಂತರವನ್ನೇ ನೆಚ್ಚಿಕೊಂಡಿದೆ, ಎಂದರೆ ಫ್ಯಾನಿಲ್ಲದ ಲ್ಯಾಪ್‌ಟಾಪ್ ಹೊರಹಾಕಬಲ್ಲ ಬಿಸಿ ಸುಮಾರು ಶೇ 40ರಷ್ಟು ಕಡಿಮೆ. ಎಲ್ಲೋ ತಂಪು ದೇಶದ ಸ್ಟುಡಿಯೊದಲ್ಲಿ ಕೂತು ಮಾಡಿದ ವಿಡಿಯೊ ವಿಮರ್ಶೆಯ ಅಂಕಿಗಳನ್ನು ಮುಲುಂಡಿನ ಮೂರನೇ ಮಹಡಿಗೆ ಹಾಗೇ ತರಲಾಗುವುದಿಲ್ಲ.

ಬರವಣಿಗೆ, ಇಮೇಲ್, ಲೆಕ್ಕಪತ್ರ, ಆನ್‌ಲೈನ್ ಮೀಟಿಂಗ್, ಸಾಧಾರಣ ಕೋಡಿಂಗ್ ಇಷ್ಟೇ ಕೆಲಸವಾದರೆ ಮೇಲಿನದನ್ನೆಲ್ಲ ಓದಿ ಹೆದರಬೇಕಿಲ್ಲ. ಈ ಕೆಲಸಗಳು ಪ್ರೊಸೆಸರನ್ನು ಒಮ್ಮೆ ತಟ್ಟಿ ಬಿಡುತ್ತವೆ, ಗಂಟೆಗಟ್ಟಲೆ ದುಡಿಸುವುದಿಲ್ಲ. ವಿಡಿಯೊ ಎಡಿಟಿಂಗ್, ಥ್ರೀಡಿ, ಆಟೊಕ್ಯಾಡ್‌ನ ದೊಡ್ಡ ಡ್ರಾಯಿಂಗ್, ಗೇಮ್ ಆಡುವವರು ಮಾತ್ರ ಹಗುರದ ಆಸೆಯನ್ನು ಇಲ್ಲೇ ಬಿಡುವುದು ಒಳ್ಳೆಯದು.

ಬ್ಯಾಟರಿ: ಗಂಟೆ ನೋಡಬೇಡಿ, ವ್ಯಾಟ್-ಅವರ್ ನೋಡಿ

ಬ್ಯಾಟರಿಯ ತೂಕಕ್ಕೂ ಅದರ ಸಾಮರ್ಥ್ಯಕ್ಕೂ ನೇರ ಸಂಬಂಧ. ಸಾಮರ್ಥ್ಯದ ಅಳತೆ ವ್ಯಾಟ್-ಅವರ್, ಎಂದರೆ ಒಂದು ವ್ಯಾಟಿನಂತೆ ಒಂದು ಗಂಟೆ ಓಡಿಸುವ ಶಕ್ತಿ. ಲ್ಯಾಪ್‌ಟಾಪಿನ ಲಿಥಿಯಂ ಬ್ಯಾಟರಿಯಲ್ಲಿ ಒಂದು ವ್ಯಾಟ್-ಅವರ್‌ಗೆ ಸುಮಾರು ಐದು ಗ್ರಾಂ ಬೇಕು. 75 ವ್ಯಾಟ್-ಅವರ್ ಬ್ಯಾಟರಿಯನ್ನು 50ಕ್ಕೆ ಇಳಿಸಿದರೆ ನೂರು ಗ್ರಾಂ ಚಿಲ್ಲರೆ ಉಳಿಯಿತು. ಓಡುವ ಹೊತ್ತಿನಲ್ಲಿ ಮೂರನೇ ಒಂದು ಪಾಲು ಹೋಯಿತು. ಲೆಕ್ಕ ನೀವೇ ಹಾಕಬಹುದು. ಬರೀ ಬರವಣಿಗೆಗೆ ಏಳೆಂಟು ವ್ಯಾಟ್ ಖರ್ಚಾದರೆ 50 ವ್ಯಾಟ್-ಅವರ್ ಆರೇಳು ಗಂಟೆ ಬರುತ್ತದೆ. ವಿಡಿಯೊ ಮೀಟಿಂಗಿಗೆ 14 ವ್ಯಾಟ್ ಹೋದರೆ ಮೂರೂವರೆ ಗಂಟೆ. ಡಬ್ಬಿಯ ಮೇಲೆ ಬರೆದ ‘18 ಗಂಟೆ’ ಎಂಬುದು ಹೆಚ್ಚಾಗಿ ಸ್ಕ್ರೀನಿನ ಬೆಳಕು ತಗ್ಗಿಸಿ, ಒಂದೇ ವಿಡಿಯೊವನ್ನು ಓಡಿಸುತ್ತ ಬಿಟ್ಟು ಅಳೆದದ್ದು.

ಈ ವಿಷಯದಲ್ಲಿ ಹಗುರ ಲ್ಯಾಪ್‌ಟಾಪ್‌ಗಳ ಪರವಾಗಿ ಹೇಳಲೇಬೇಕಾದ ಮಾತೂ ಇದೆ. 2020ರ ನಂತರ ಚಿಪ್‌ಗಳು ನಿಜಕ್ಕೂ ಬದಲಾಗಿವೆ. ಆಪಲ್‌ನ ಎಂ ಸರಣಿ, 2024ರಲ್ಲಿ ಬಂದ ಕ್ವಾಲ್‌ಕಾಮ್‌ನ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್, ಇಂಟೆಲ್‌ನ ಲೂನಾರ್ ಲೇಕ್ ಇವೆಲ್ಲ ಅದೇ ಕೆಲಸವನ್ನು ಕಡಿಮೆ ವಿದ್ಯುತ್ತಿನಲ್ಲಿ ಮಾಡುತ್ತವೆ. ಹತ್ತು ವರ್ಷದ ಹಿಂದೆ ‘ಹಗುರವಾದರೆ ಬ್ಯಾಟರಿ ನಿಲ್ಲುವುದಿಲ್ಲ’ ಎಂದದ್ದು ಈಗ ಈ ಚಿಪ್‌ಗಳ ಮಟ್ಟಿಗೆ ನಿಜವಲ್ಲ. ಮೇಲಾಗಿ ಈಗ ಬಹುಪಾಲು ಟೈಪ್-ಸಿ ಚಾರ್ಜಿಂಗ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ 65 ವ್ಯಾಟಿನ ಚಾರ್ಜರ್ ಒಂದೇ ಫೋನಿಗೂ ಲ್ಯಾಪ್‌ಟಾಪಿಗೂ ಆಗುತ್ತದೆ.

ಸ್ನ್ಯಾಪ್‌ಡ್ರ್ಯಾಗನ್ ಕೊಳ್ಳುವವರು ಒಂದನ್ನು ವಿಚಾರಿಸಿಕೊಳ್ಳಬೇಕು. ಅದು ಇಂಟೆಲ್‌ನವಕ್ಕಿಂತ ಬೇರೆ ವಿನ್ಯಾಸದ, ಆರ್ಮ್ ಮಾದರಿಯ ಚಿಪ್. ಹಳೆಯ ವಿಂಡೋಸ್ ತಂತ್ರಾಂಶಗಳಲ್ಲಿ ಹೆಚ್ಚಿನವು ಅದರಲ್ಲಿ ಅನುಕರಣೆಯ ಮೂಲಕ ಓಡುತ್ತವೆ, ಆದರೆ ಪ್ರಿಂಟರಿನಂಥ ಸಾಧನಗಳನ್ನು ನಡೆಸುವ ಡ್ರೈವರ್‌ಗಳು ಓಡುವುದಿಲ್ಲ. ಆರ್ಮ್‌ಗೆಂದೇ ಬರೆದದ್ದು ಬೇಕು. ನಿಮ್ಮ ಹಳೆಯ ಪ್ರಿಂಟರ್, ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್ ಅದಕ್ಕೆ ಒಗ್ಗುತ್ತವೆಯೇ ಎಂದು ಮೊದಲೇ ಖಚಿತ ಮಾಡಿಕೊಳ್ಳಿ.

ಕಿಂಡಿಗಳು, ಬೆಸುಗೆ, ಕೀಬೋರ್ಡು

ಸಿ.ಎ. ಆರ್ಟಿಕಲ್‌ಶಿಪ್ ಮಾಡುವ ನಮ್ಮ ಹುಡುಗ ಹುಡುಗಿಯರನ್ನು ನೋಡಿ. ಇವತ್ತು ವಾಶಿಯಲ್ಲಿ ಆಡಿಟ್, ನಾಳೆ ಅಂಧೇರಿಯ ಹೋಟೆಲಿನಲ್ಲಿ, ನಾಡಿದ್ದು ಪುಣೆಯಲ್ಲಿ. ಹಗುರ ಲ್ಯಾಪ್‌ಟಾಪ್ ನಿಜವಾಗಿ ಬೇಕಾದವರು ಅವರು. ಆದರೆ ಡಿಜಿಟಲ್ ಸಹಿಯ ಟೋಕನ್ ಬರುವುದು ಹಳೆಯ ಅಗಲ ಯುಎಸ್‌ಬಿಯಲ್ಲಿ, ಕಕ್ಷಿದಾರರು ಕೊಡುವ ಪೆನ್‌ಡ್ರೈವ್ ಕೂಡ ಅದೇ, ಪ್ರೊಜೆಕ್ಟರಿಗೆ ಎಚ್‌ಡಿಎಂಐ. ಎರಡೇ ಟೈಪ್-ಸಿ ಕಿಂಡಿ ಇರುವ ಲ್ಯಾಪ್‌ಟಾಪ್ ಕೊಂಡರೆ ಜತೆಗೆ ಒಂದು ಕಿಂಡಿಯನ್ನು ಹಲವಾಗಿಸುವ ಹಬ್, ಅದರ ತಂತಿ, ಆಮೇಲೆ ಇರಲಿ ಎಂದು ಒಂದು ಪವರ್ ಬ್ಯಾಂಕ್. ಇಳಿಸಿದ ಅರ್ಧ ಕೆ.ಜಿ. ಹಿಂಬಾಗಿಲಿನಿಂದ ಒಳಗೆ ಬಂತು. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ವಿಂಡೋಸ್‌ನದು, ಆದ್ದರಿಂದ ಮ್ಯಾಕ್ ಅವರಿಗೆ ತಲೆನೋವು. ಒಂದು ಅಗಲ ಯುಎಸ್‌ಬಿ, ಒಂದು ಎಚ್‌ಡಿಎಂಐ ಉಳಿಸಿಕೊಂಡ 1.3 ಕೆ.ಜಿ.ಯ ವಿಂಡೋಸ್ ಲ್ಯಾಪ್‌ಟಾಪ್ ಇಂಥವರಿಗೆ 980 ಗ್ರಾಂನದ್ದಕ್ಕಿಂತ ಮೇಲು. ಟೈಪ್-ಸಿ ಕಿಂಡಿ ಇದ್ದ ಮಾತ್ರಕ್ಕೆ ಅದರಲ್ಲಿ ಚಾರ್ಜಿಂಗೂ ಮಾನಿಟರೂ ಎರಡೂ ನಡೆಯುತ್ತವೆ ಎಂದು ನಂಬಬೇಡಿ. ಮಾದರಿಯ ವಿವರಪಟ್ಟಿಯಲ್ಲಿ ನೋಡಿ.

ಬೆಸುಗೆಯ ಸಂಗತಿ ಇನ್ನೂ ಗಂಭೀರ. ಹಗುರ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಸಾಮಾನ್ಯವಾಗಿ ಬೋರ್ಡಿಗೇ ಬೆಸೆದಿರುತ್ತದೆ. ಲೂನಾರ್ ಲೇಕ್‌ನಲ್ಲಂತೂ ಪ್ರೊಸೆಸರಿನ ಜತೆಗೇ ಕೂತಿದೆ. ಸ್ಲಾಟ್ ಇದ್ದ ಕಾಲದಲ್ಲಿ ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಪೂರ್ವಕ್ಕೆ ಲ್ಯಾಮಿಂಗ್ಟನ್ ರೋಡಿಗೆ ನಡೆದು ಹೋಗಿ, ಟೀ ಕುಡಿಯುವಷ್ಟರಲ್ಲಿ ರ‍್ಯಾಮ್ ಹೆಚ್ಚಿಸಿಕೊಂಡು ಬರಬಹುದಿತ್ತು. ಈಗ ಕೊಳ್ಳುವ ದಿನ ಎಷ್ಟೋ ಅಷ್ಟೇ. 8 ಜಿಬಿ ಬೆಸೆದದ್ದನ್ನು ಯಾರೂ ತಗೊಳ್ಳಬೇಡಿ, ಎಷ್ಟೇ ರಿಯಾಯಿತಿ ಇರಲಿ, 16 ಇರಲಿ. ಕಡತಗಳನ್ನು ಉಳಿಸಿಡುವ ಎಸ್‌ಎಸ್‌ಡಿಯನ್ನು ಹೆಚ್ಚಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಬದಲಿಸಬಹುದು, ಮ್ಯಾಕ್‌ಬುಕ್ ಏರ್‌ನಲ್ಲಿ ಆಗುವುದಿಲ್ಲ. ರಿಪೇರಿಯಲ್ಲೂ ಇದೇ ಕಥೆ: ರ‍್ಯಾಮ್ ಕೆಟ್ಟರೆ ಸರ್ವಿಸ್ ಸೆಂಟರ್‌ನವರು ಹೇಳುವುದು ಇಡೀ ಮದರ್‌ಬೋರ್ಡ್ ಬದಲಿಸಿ ಎಂದು. ಕೊಳ್ಳುವ ಮೊದಲೇ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಆ ಮಾದರಿಯ ಬೋರ್ಡಿಗೂ ಬ್ಯಾಟರಿಗೂ ಎಷ್ಟು ಎಂದು ಕೇಳಿಬಿಡಿ.

ಕೀಬೋರ್ಡಿನ ಬಗ್ಗೆ ಸ್ವಲ್ಪದರಲ್ಲಿ ಮುಗಿಸುತ್ತೇನೆ. ತೆಳ್ಳನೆಯ ಮೈಯಲ್ಲಿ ಕೀಲಿ ಒಂದು ಮಿಲಿಮೀಟರಿನಷ್ಟೇ ಕೆಳಗೆ ಇಳಿಯುವುದುಂಟು. ಒತ್ತಕ್ಷರ, ದೀರ್ಘ ಎಂದು ಪ್ರತಿ ಪದಕ್ಕೂ ಹೆಚ್ಚು ಕೀಲಿ ಒತ್ತುವ ಕನ್ನಡ ಬರಹಗಾರರು ಅಂಗಡಿಯಲ್ಲೇ ನಿಂತು ಒಂದು ಪ್ಯಾರಾ ಕುಟ್ಟಿ ನೋಡುವುದು ಒಳ್ಳೆಯದು. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳನ್ನು ಬಳಸಿ ರೂಢಿಯಾದವರು ಅವು ವಿಂಡೋಸ್‌ಗೆಂದು ಹುಟ್ಟಿದವು ಎಂಬುದನ್ನು ನೆನಪಿಡಿ. ಮ್ಯಾಕ್‌ನಲ್ಲಿ ಅದರದೇ ಕನ್ನಡ ಕೀಲಿಮಣೆ ಇದೆ, ಆದರೆ ಹಳೆಯ ನುಡಿ ಅಕ್ಷರಗಳಲ್ಲಿರುವ ಕಡತಗಳನ್ನು ಯೂನಿಕೋಡ್‌ಗೆ ತಂದುಕೊಳ್ಳುವ ಕೆಲಸ ಮೇಲೆ ಬೀಳುತ್ತದೆ.

ತೆಳ್ಳನೆಯ ಮುಚ್ಚಳ, ದಟ್ಟನೆಯ ಜನ

ತೂಕದ ಇನ್ನೊಂದು ದೊಡ್ಡ ಪಾಲು ಹೋಗುವುದು ಮೈಯಿಂದ. ಅಲ್ಯೂಮಿನಿಯಂ ಬದಲು ಮೆಗ್ನೀಸಿಯಂ ಮಿಶ್ರಲೋಹ ಬಳಸಿದರೆ ಅದೇ ಗಾತ್ರಕ್ಕೆ ತೂಕ ಮೂರನೇ ಒಂದರಷ್ಟು ಕಡಿಮೆ. ಮೆಗ್ನೀಸಿಯಂ ಕೆಟ್ಟ ಲೋಹವೇನಲ್ಲ, ಮುಟ್ಟಿದರೆ ಪ್ಲಾಸ್ಟಿಕ್ ಎನಿಸಬಹುದು, ಅಷ್ಟೆ. ಚಿಂತೆಯ ವಿಷಯ ದಪ್ಪದ್ದು. ಸ್ಕ್ರೀನಿನ ಹಿಂದಿನ ಮುಚ್ಚಳ ತೆಳುವಾದಷ್ಟೂ ಹೊರಗಿನ ಒತ್ತಡ ನೇರ ಗಾಜಿಗೆ ತಲುಪುತ್ತದೆ.

ಬ್ಯಾಗನ್ನು ಎದೆಗೆ ಹಾಕಿಕೊಂಡು ನಿಂತಿದ್ದೀರಿ, ಘಾಟ್ಕೋಪರಿನಲ್ಲಿ ಜನ ನುಗ್ಗಿದರು. ಒತ್ತಡ ಬೀಳುವುದು ಬ್ಯಾಗಿನ ಹೊರಮುಖದ ಮೇಲೆ. ಆ ಕಡೆಯ ಪಾಕೆಟ್ಟಿನಲ್ಲಿ ಚಾರ್ಜರೋ ಡಬ್ಬಿಯೋ ಇದ್ದರೆ ಅದರ ಮೂಲೆ ಮುಚ್ಚಳಕ್ಕೆ ಒತ್ತುತ್ತದೆ, ಎಲ್ಲರ ಭಾರವೂ ಆ ಒಂದು ಬಿಂದುವಿಗೆ ಬರುತ್ತದೆ. ಸಂಜೆ ತೆರೆದಾಗ ಸ್ಕ್ರೀನಿನ ಮಧ್ಯದಲ್ಲಿ ಕಪ್ಪು ಮಸಿ ಚೆಲ್ಲಿದಂತೆ ಕಲೆ. ಅದಕ್ಕೆ ಲ್ಯಾಪ್‌ಟಾಪಿನ ಮುಚ್ಚಳ ನಿಮ್ಮ ಮೈಯ ಕಡೆಗೆ ಇರಲಿ, ಕೆಳಮೈ ಹೊರಗಿನ ಕಡೆಗೆ. ಗಟ್ಟಿ ವಸ್ತುಗಳನ್ನು ಅಡ್ಡಕ್ಕೆ ಇಡದೆ ಬ್ಯಾಗಿನ ತಳಕ್ಕೆ ಇಡಿ. ಕೀಬೋರ್ಡಿನ ಮೇಲೆ ಇಯರ್‌ಫೋನ್ ಬಿಟ್ಟು ಮುಚ್ಚಳ ಹಾಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

‘ಮಿಲಿಟರಿ ದರ್ಜೆ’ ಎಂದು ಬರೆದಿರುವುದನ್ನು ನಂಬಿ ಕೂರಬೇಡಿ. ಅದು ಅಮೆರಿಕದ ಎಂಐಎಲ್-ಎಸ್‌ಟಿಡಿ-810 ಎಂಬ ಪರೀಕ್ಷಾ ಕ್ರಮ. ಅದರಲ್ಲಿ ಶಾಖ, ಕಂಪನ, ಬೀಳುವುದು, ತೇವ ಹೀಗೆ ಹಲವು ಪರೀಕ್ಷೆಗಳಿವೆ. ಯಾವುವನ್ನು ಮಾಡಬೇಕೆಂದು ಆರಿಸಿಕೊಳ್ಳುವುದು ತಯಾರಕರೇ. ಲೋಕಲ್ ರೈಲಿನ ನೂಕುನುಗ್ಗಲು ಆ ಪಟ್ಟಿಯಲ್ಲಿಲ್ಲ.

ಅಂಗಡಿಯಲ್ಲಿ ಮಾಡಿ ನೋಡಬಹುದಾದದ್ದು ಇದೆ. ಸ್ಕ್ರೀನಿನಲ್ಲಿ ಬಿಳಿ ಪುಟ ತೆರೆದು ಮುಚ್ಚಳದ ಹಿಂಭಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಮುಂದೆ ಅಲೆಅಲೆಯಾಗಿ ಬಣ್ಣ ಕದಲಿದರೆ ಒತ್ತಡ ಫಲಕಕ್ಕೆ ತಾಗುತ್ತಿದೆ ಎಂದು ಅರ್ಥ. ತೆರೆದ ಲ್ಯಾಪ್‌ಟಾಪನ್ನು ಒಂದು ಮೂಲೆ ಹಿಡಿದು ಎತ್ತಿ, ಮೈ ಕಿರುಗುಟ್ಟುತ್ತದೆಯೇ ಕೇಳಿ. ಮಾರುವವರಿಗೆ ಬೇಸರವಾದರೆ ಆಗಲಿ.

ತಂಗಿಯ ಮಗಳು ಕೊನೆಗೆ ಒಂದು ಕೆ.ಜಿ.ಯದ್ದನ್ನು ಬಿಟ್ಟು 1.3ರ 14 ಇಂಚಿನದನ್ನು ತಗೊಂಡಳು. ಮುಂಬಯಿಯಲ್ಲಿ ದಿನಾ ಓಡಾಡುವ ಬಹುಪಾಲು ಜನರಿಗೆ 1.2ರಿಂದ 1.4 ಕೆ.ಜಿ.ಯ ಆ ನಡುವಿನ ಜಾಗವೇ ಸರಿ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಬ್ಯಾಟರಿ, ಕಿಂಡಿ, ಫ್ಯಾನು ಉಳಿದಿರುತ್ತವೆ, ಭುಜವೂ ಉಳಿಯುತ್ತದೆ. ಒಂದು ಕೆ.ಜಿ.ಗಿಂತ ಕೆಳಗಿನದು ನಿಂತುಕೊಂಡೇ ಕೆಲಸ ಮಾಡುವವರಿಗೆ, ವಿಮಾನದ 7 ಕೆ.ಜಿ. ಕೈಚೀಲದ ಮಿತಿಯೊಳಗೆ ಮಂಗಳೂರಿಗೋ ದೆಹಲಿಗೋ ಪದೇಪದೇ ಹೋಗುವವರಿಗೆ, ಕುತ್ತಿಗೆ ಬೆನ್ನು ನೋವಿನಿಂದ ಡಾಕ್ಟರು ಭಾರ ಬೇಡ ಎಂದವರಿಗೆ. ಮನೆಯಿಂದಲೇ ಕೆಲಸ ಮಾಡುವವರು ಹಗುರಕ್ಕೆಂದು ಹೆಚ್ಚಿನ ದುಡ್ಡು ಹಾಕುವ ಬದಲು ಅದೇ ಹಣದಲ್ಲಿ ಒಂದು 24 ಇಂಚಿನ ಮಾನಿಟರ್ ತಗೊಂಡರೆ ಕುತ್ತಿಗೆ ಬಗ್ಗಿಸುವುದು ತಪ್ಪುತ್ತದೆ.

ಬಜೆಟ್ ಸಾಲದವರಿಗೆ ಹಳೆಯ ಬಿಸಿನೆಸ್ ಲ್ಯಾಪ್‌ಟಾಪ್‌ಗಳೂ ಒಂದು ದಾರಿ. ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ, ಕಾರ್ಬನ್ ಫೈಬರ್ ಅಥವಾ ಮೆಗ್ನೀಸಿಯಂ ಮೈಯ, ಒಂದೂಕಾಲು ಕೆ.ಜಿ. ಆಸುಪಾಸಿನ ಗಟ್ಟಿ ಲ್ಯಾಪ್‌ಟಾಪ್‌ಗಳು ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತವೆ. ತಗೊಳ್ಳುವ ಮುಂಚೆ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿ. ಅದರಲ್ಲಿ ಬ್ಯಾಟರಿಯ ಮೂಲ ಸಾಮರ್ಥ್ಯ, ಈಗ ತುಂಬುವ ಸಾಮರ್ಥ್ಯ ಎರಡೂ ಇರುತ್ತವೆ. 57 ವ್ಯಾಟ್-ಅವರ್ ಇದ್ದದ್ದು 35ಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ.

ಹೊಸದು ಕೊಳ್ಳುವವರು ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆ ಎಂಬ ಮಾತಿಗೆ ಬಲಿಯಾಗಬೇಡಿ. ಲ್ಯಾಪ್‌ಟಾಪಿಗೆ ಜಿಎಸ್‌ಟಿ ಶೇ 18. ವ್ಯವಹಾರಕ್ಕೆ ಕೊಳ್ಳುವ, ಜಿಎಸ್‌ಟಿ ನೋಂದಣಿ ಇರುವವರು ಬಿಲ್ಲಿನಲ್ಲಿ ತಮ್ಮ ನಂಬರ್ ಹಾಕಿಸಿಕೊಂಡರೆ ಆ ತೆರಿಗೆ ಜಮೆಯಾಗಿ ಹಿಂದಕ್ಕೆ ಬರುತ್ತದೆ. ಇನ್ನು ವಾರಂಟಿ. ಡಬ್ಬಿಯೊಂದಿಗೆ ಬರುವ ವಾರಂಟಿಯಲ್ಲಿ ಒಡೆದ ಸ್ಕ್ರೀನು, ಒಳಗೆ ಹೋದ ಮಳೆನೀರು ಸೇರುವುದಿಲ್ಲ. ಅದಕ್ಕೆ ಆಕ್ಸಿಡೆಂಟಲ್ ಡ್ಯಾಮೇಜ್ ಎಂಬ ಬೇರೆ ಯೋಜನೆ ಇದೆ. ಲೋಕಲ್‌ನಲ್ಲಿ ತೆಳ್ಳನೆಯ ಲ್ಯಾಪ್‌ಟಾಪ್ ಒಯ್ಯುವವರು ಅದನ್ನು ತಗೊಳ್ಳಲೇಬೇಕು. ಲ್ಯಾಪ್‌ಟಾಪ್ ಕೊಂಡ ಮೇಲೆ ಕಂಪನಿ ಗೊತ್ತುಮಾಡಿದ ಗಡುವಿನೊಳಗೆ ಮಾತ್ರ ಅದನ್ನು ಕೊಡುತ್ತಾರೆ, ಆದ್ದರಿಂದ ಬಿಲ್ ಮಾಡಿಸುವಾಗಲೇ ಸೇರಿಸಿಕೊಳ್ಳಿ.